ಕುಮಟಾ ಈರುಳ್ಳಿಗೆ ಗಂಧಕದ ಚೀಲ ಬೇಡ

ಸಿಹಿ ಈರುಳ್ಳಿ ಸಿಹಿಯಾಗಿರುವುದು ಅದರಲ್ಲಿ ಸಕ್ಕರೆ ಹೆಚ್ಚಿದೆ ಅಂತಲ್ಲ. ಈ ಮಾತು ಹೇಳಿದರೆ ನಮ್ಮೂರ ಬೆಳೆಗಾರರೇ ನನ್ನ ಮುಖ ನೋಡುತ್ತಾರೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿ ನಿವೃತ್ತನಾದ ಮಾಸ್ತರ ಮತ್ತೆ ಪಾಠ ಶುರು ಹಚ್ಚಿಕೊಂಡ ಅಂತ ಎದ್ದು ಹೋಗುವವರೂ ಉಂಟು. ಆದರೆ ಕುಮಟಾದ ಅಳ್ವೆಕೋಡಿ, ವನ್ನಳ್ಳಿ, ಹಂದಿಗೋಣದ ಕಡೆ ಈರುಳ್ಳಿ ಹಾಕುವವರಿಗೆ ಈ ಒಂದು ಪಾಠ ಈಗ ತುರ್ತಾಗಿ ಬೇಕು. ತೋಟಗಾರಿಕೆ ಇಲಾಖೆಯವರಿಗಂತೂ ಇನ್ನೂ ತುರ್ತಾಗಿ. ಏಕೆಂದರೆ ಸಿಹಿ ಎಲ್ಲಿಂದ ಬರುತ್ತದೆ ಎಂದು ಗೊತ್ತಿಲ್ಲದೆ, ಅದನ್ನು ಹೆಚ್ಚಿಸುತ್ತೇವೆ ಅಂದುಕೊಂಡು, ಚೀಲಗಟ್ಟಲೆ ಗೊಬ್ಬರ ಸುರಿದು ಅದನ್ನೇ ಕಳೆಯುತ್ತಿದ್ದೇವೆ.

ಏಪ್ರಿಲ್, ಮೇ ತಿಂಗಳಲ್ಲಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಗೋವಾ ಕಡೆಗೋ ಮಂಗಳೂರು ಕಡೆಗೋ ಹೋದವರು ನಮ್ಮ ಈರುಳ್ಳಿಯನ್ನು ನೋಡಿರುತ್ತೀರಿ. ರಸ್ತೆ ಬದಿಯಲ್ಲಿ ಬೊಂಬು ಕಟ್ಟಿ, ಜಡೆ ಹೆಣೆದ ಗೊಂಚಲುಗಳನ್ನು ಸಾಲಾಗಿ ತೂಗುಬಿಟ್ಟಿರುತ್ತಾರೆ. ಹೆದ್ದಾರಿ ಅಗಲವಾದ ಮೇಲೆ ಕಾರು ನಿಲ್ಲಿಸುವುದೇ ಕಷ್ಟ, ಆದರೂ ನಿಲ್ಲಿಸುತ್ತಾರೆ. ಇಳಿದವರು ಕೇಳುವ ಪ್ರಶ್ನೆ ಎರಡೇ: ‘ಎಷ್ಟು?’ ಮತ್ತು ‘ಒರಿಜಿನಲ್ಲಾ?’ ಎರಡನೆಯದಕ್ಕೆ ಉತ್ತರ ಎಲ್ಲ ಅಂಗಡಿಯಲ್ಲೂ ಒಂದೇ ಬರುತ್ತದೆ. ಹೊರಗಿನಿಂದ ತಂದ ಈರುಳ್ಳಿಯನ್ನು ಗೊಂಚಲು ಕಟ್ಟಿ ತೂಗುವವರೂ ಅದನ್ನೇ ಹೇಳುತ್ತಾರೆ. ನಾನು ಗಮನಿಸಿದ ಹಾಗೆ ಯಾವ ಗಿರಾಕಿಯೂ ಒಂದು ಈರುಳ್ಳಿ ಕೊಯ್ದು ಬಾಯಿಗೆ ಹಾಕಿ ನೋಡುವುದಿಲ್ಲ. ಮಾವಿನಹಣ್ಣನ್ನು ಮೂಸಿ, ಒತ್ತಿ, ಒಂದು ಹೋಳು ತಿಂದು ಕೊಳ್ಳುವ ಜನವೇ ಈರುಳ್ಳಿಯನ್ನು ಮಾತಿನ ಮೇಲೆ ನಂಬಿ ಕೊಳ್ಳುತ್ತಾರೆ.

ಈಗ ಆ ಪಾಠ. ಗಿಡ ಮಣ್ಣಿನಿಂದ ಗಂಧಕ ಹೀರುತ್ತದೆ. ಅದನ್ನು ಅಮೈನೋ ಆಮ್ಲದ ಜೊತೆ ಕಟ್ಟಿ ಜೀವಕೋಶದೊಳಗೆ ಶೇಖರಿಸಿಡುತ್ತದೆ. ಆ ಸರಕನ್ನು ಒಡೆಯುವ ಕಿಣ್ವವೂ ಅದೇ ಕೋಶದಲ್ಲಿದೆ, ಆದರೆ ಬೇರೆ ಚೀಲದಲ್ಲಿ. ಇಡೀ ಗಡ್ಡೆಗೆ ಅದಕ್ಕೇ ವಾಸನೆ ಕಡಿಮೆ. ಚಾಕು ತಾಗಿ ಕೋಶ ಒಡೆದಾಗ ಎರಡೂ ಬೆರೆಯುತ್ತವೆ. ಕಣ್ಣೀರು ತರಿಸುವ ಆವಿ ಹುಟ್ಟುವುದು ಆಗಲೇ, ನಾಲಗೆ ಚುರುಗುಟ್ಟಿಸುವ ರುಚಿ ಹುಟ್ಟುವುದೂ ಆಗಲೇ. ಜೊತೆಗೆ ಪೈರುವಿಕ್ ಆಮ್ಲವೂ ಹುಟ್ಟುತ್ತದೆ. ಪ್ರಯೋಗಾಲಯದಲ್ಲಿ ಈರುಳ್ಳಿಯ ಖಾರ ಅಳೆಯುವುದೆಂದರೆ ಈ ಆಮ್ಲವನ್ನು ಅಳೆಯುವುದು. 1961ರಿಂದಲೂ ಇದೇ ಪದ್ಧತಿ. ಒಂದು ಗ್ರಾಂ ಈರುಳ್ಳಿಯಲ್ಲಿ ಸುಮಾರು 5 ಮೈಕ್ರೊಮೋಲ್‌ಗಿಂತ ಕಡಿಮೆ ಬಂದರೆ ಅದು ಸಿಹಿ ಜಾತಿ, ಹೆಚ್ಚಾಗುತ್ತ ಹೋದಂತೆ ಖಾರ. ಸಕ್ಕರೆಯ ಮಾತು ಎಲ್ಲೂ ಇಲ್ಲ. ಖಾರ ಕಡಿಮೆಯಾದಾಗ ಇದ್ದ ಸಕ್ಕರೆಯೇ ನಾಲಗೆಗೆ ಕಾಣಿಸುತ್ತದೆ, ಅಷ್ಟೆ.

ನಿಜ ಹೇಳಬೇಕೆಂದರೆ ಖಾರದ ಈರುಳ್ಳಿಯಲ್ಲೇ ಎಷ್ಟೋ ಸಲ ಸಕ್ಕರೆ ಹೆಚ್ಚು. ಒಣಗಿಸಿ ಪುಡಿ ಮಾಡಲು ಬೆಳೆಯುವ ತಳಿಗಳಲ್ಲಿ ಒಣ ಅಂಶ ಶೇ 15ನ್ನೂ ದಾಟುತ್ತದೆ. ಸಿಹಿ ಜಾತಿಯಲ್ಲಿ ಅದರ ಅರ್ಧವೂ ಕಷ್ಟ, ಉಳಿದದ್ದೆಲ್ಲ ನೀರು. ಬೆಂಗಳೂರಿನಿಂದ ಬಂದ ನೆಂಟರೊಬ್ಬರು ಎರಡು ಗೊಂಚಲು ಕೊಂಡುಹೋಗಿ, ಬಿರಿಯಾನಿಗೆ ಹುರಿದು, ‘ನಿಮ್ಮ ಕುಮಟಾ ಈರುಳ್ಳಿ ನೀರು ಬಿಟ್ಟುಕೊಂಡು ಕೂತಿತು, ಕೆಂಪಾಗಲೇ ಇಲ್ಲ’ ಅಂತ ಫೋನು ಮಾಡಿ ದೂರಿದರು. ದೂರು ಸರಿ, ಈರುಳ್ಳಿಯದು ಮಾತ್ರ ತಪ್ಪಿಲ್ಲ. ಹುರಿಯಲಿಕ್ಕೆ ಬಳ್ಳಾರಿಯದೋ ನಾಸಿಕದ್ದೋ ತನ್ನಿ. ಕಾಯಿಸಿದಾಗ ಖಾರ ಹಾರಿಹೋಗಿ ಅದರ ಸಕ್ಕರೆ ಹೊರಗೆ ಬರುತ್ತದೆ. ನಮ್ಮದು ಹಸಿ ತಿನ್ನುವ ಮಾಲು. ಒಣ ಶೆಟ್ಲಿ (ಸೀಗಡಿ) ಹುರಿದು, ತೆಂಗಿನಕಾಯಿ ತುರಿ, ಮೆಣಸು, ಹುಳಿ ಹಾಕಿ ಕಿವುಚಿ, ಮೇಲೆ ಹಸಿ ಈರುಳ್ಳಿ ಹೆಚ್ಚಿ ಹಾಕಿ, ಕುಚ್ಚಲಕ್ಕಿ ಗಂಜಿಯ ಜೊತೆ ಉಂಡು ನೋಡಿ. ಮೀನು ತಿನ್ನದವರು ಮೊಸರು ಬಜ್ಜಿ ಮಾಡಿಕೊಳ್ಳಿ.

ಇಷ್ಟು ತಿಳಿದರೆ ಗೊಬ್ಬರದ ವಿಷಯಕ್ಕೆ ಬರಬಹುದು.

ನಮ್ಮ ಈರುಳ್ಳಿ ಗದ್ದೆಗಳು ಹೆಚ್ಚಿನವು ಮಳೆಗಾಲದ ಭತ್ತ ಕೊಯ್ದ ಮೇಲೆ ಖಾಲಿಯಾಗುವ ಉಸುಕು ಮಿಶ್ರಿತ ಗದ್ದೆಗಳು. ಕಡಲು ಹತ್ತಿರ. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಸೀಮೆ. ಗಿಡ ಹೀರುವ ಗಂಧಕ ಮಣ್ಣಿನಲ್ಲಿ ಸಲ್ಫೇಟ್ ರೂಪದಲ್ಲಿರುತ್ತದೆ, ಸಲ್ಫೇಟ್ ನೀರಿನ ಜೊತೆ ಸುಲಭವಾಗಿ ಇಳಿದುಹೋಗುತ್ತದೆ. ಇಂಥ ಮಳೆಯಲ್ಲಿ ತೊಳೆದ ಉಸುಕಿನಲ್ಲಿ ಗಂಧಕ ತೀರ ಹೆಚ್ಚು ನಿಲ್ಲುವುದಿಲ್ಲ. ನವೆಂಬರ್, ಡಿಸೆಂಬರಿನಲ್ಲಿ ಸಸಿ ನಾಟಿ. ಹಿಂದೆ ಗದ್ದೆಯಲ್ಲೇ ತೋಡಿದ ಹೊಂಡದಿಂದ ಕೊಡದಲ್ಲಿ ನೀರು ಹೊತ್ತು ಹನಿಸುತ್ತಿದ್ದರು, ಈಗ ಪಂಪು. ಗೊಬ್ಬರವೆಂದರೆ ಕೊಟ್ಟಿಗೆಯದು, ಒಲೆಯ ಬೂದಿ, ಸಿಕ್ಕಿದರೆ ಮೀನಿನ ಗೊಬ್ಬರ. ಈರುಳ್ಳಿ ಸಣ್ಣದೇ ಆಗುತ್ತಿತ್ತು, ಆದರೆ ಮಕ್ಕಳು ಬೆಲ್ಲದ ಹಾಗೆ ಕಚ್ಚಿ ತಿನ್ನುತ್ತಿದ್ದರು. ಆ ಸಿಹಿಗೆ ಕಾರಣ ತಳಿಯೂ ಹೌದು, ಮಣ್ಣಿನ ಬಡತನವೂ ಹೌದು.

ಈಗ ಗೊಬ್ಬರದ ಅಂಗಡಿಗೆ ಹೋಗಿ. ಡಿಎಪಿ ಕೇಳಿದರೆ ಇಲ್ಲ ಅನ್ನುತ್ತಾರೆ. ಬದಲಿಗೆ ಕೊಡುವ ಚೀಲದ ಮೇಲೆ 20:20:0:13 ಎಂದು ದೊಡ್ಡದಾಗಿ ಬರೆದಿರುತ್ತದೆ. ಮೊದಲ ಇಪ್ಪತ್ತು ಸಾರಜನಕ, ಎರಡನೆಯದು ರಂಜಕ, ಸೊನ್ನೆ ಅಂದರೆ ಪೊಟ್ಯಾಷ್ ಇಲ್ಲ. ಕೊನೆಯ ಹದಿಮೂರು? ನಾನು ಅಂಗಡಿ ಕಟ್ಟೆಯ ಮೇಲೆ ಕೂತವರನ್ನೆಲ್ಲ ಕೇಳಿದ್ದೇನೆ. ‘ಅದು ಕಂಪನಿ ನಂಬರು’ ಅಂದವರಿದ್ದಾರೆ. ಅದು ಗಂಧಕ. ನೂರು ಕಿಲೋದಲ್ಲಿ ಹದಿಮೂರು ಕಿಲೋ. ಸೂಪರ್ ಫಾಸ್ಫೇಟ್ ಕೊಂಡರೂ ಶೇ 11 ಗಂಧಕ ಜೊತೆಗೇ ಬರುತ್ತದೆ, ಅಮೋನಿಯಂ ಸಲ್ಫೇಟಿನಲ್ಲಿ ಶೇ 23ರ ಆಸುಪಾಸು. ಅಂಗಡಿಯವನಿಗೆ ದ್ವೇಷವೇನಿಲ್ಲ. ‘ಮಾಸ್ತರ್ರೆ, ಇದ್ ಹಾಕಿದ್ರೆ ಗಡ್ಡೆ ದೊಡ್ಡ ಆತದೆ, ಬಣ್ಣನೂ ಬತ್ತದೆ’ ಅನ್ನುತ್ತಾನೆ. ಅವನು ಹೇಳುವುದೂ ಸುಳ್ಳಲ್ಲ. ಗಡ್ಡೆ ದೊಡ್ಡದಾಗುತ್ತದೆ, ತೂಕ ಬರುತ್ತದೆ. ತಿನ್ನುವಾಗ ಮಾತ್ರ ಕಿವಿಯ ಹಿಂದೆ ಬೆವರು.

ಇದು ರೈತನೊಬ್ಬನ ಅಜ್ಞಾನ ಎಂದು ಬಿಡುವ ಹಾಗಿಲ್ಲ. ಈರುಳ್ಳಿಗೆ ಗಂಧಕ ಕೊಡಿ ಎಂಬುದು ಪುಸ್ತಕದ ಸಲಹೆ. ಗದಗ, ಚಿತ್ರದುರ್ಗ, ವಿಜಯಪುರದ ಈರುಳ್ಳಿಗೆ ಅದು ಒಳ್ಳೆಯ ಸಲಹೆಯೇ. ಅಲ್ಲಿ ಬೇಕಿರುವುದು ಇಳುವರಿ, ಖಾರ, ತಾಳಿಕೆ. ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶ ಪರೀಕ್ಷೆ ಮಾಡುತ್ತಾರೆ, ಗಂಧಕವೂ ಅದರಲ್ಲೊಂದು. ನಮ್ಮ ಗದ್ದೆಯ ಮಣ್ಣು ಕೊಟ್ಟರೆ ಗಂಧಕದ ಮುಂದೆ ‘ಕೊರತೆ’ ಎಂದು ಬರುತ್ತದೆ. ಕೊರತೆ ಕಂಡ ಕೂಡಲೇ ತುಂಬಿಸಿ ಎಂಬ ಶಿಫಾರಸು. ನಮ್ಮ ಬೆಳೆಯ ಬೆಲೆಯೆಲ್ಲ ಇರುವುದು ಆ ಕೊರತೆಯಲ್ಲೇ ಎಂದು ಚೀಟಿಗೆ ಹೇಗೆ ಗೊತ್ತಾಗಬೇಕು? ಚೀಟಿಯಲ್ಲಿ ಬೆಳೆಯ ಹೆಸರಿನ ಜಾಗದಲ್ಲಿ ‘ಈರುಳ್ಳಿ’ ಎಂದಷ್ಟೇ ಇರುತ್ತದೆ. ಯಾವ ಈರುಳ್ಳಿ ಎಂದು ಕೇಳುವ ಕಾಲಂ ಇಲ್ಲ.

ಗಂಧಕ ಸಂಪೂರ್ಣ ನಿಷಿದ್ಧ ಅಂತ ನಾನು ಹೇಳುತ್ತಿಲ್ಲ. ಅದಿಲ್ಲದೆ ಯಾವ ಗಿಡವೂ ಬದುಕುವುದಿಲ್ಲ. ಎಲೆ ಬೆಳೆಯುವ ಕಾಲದಲ್ಲಿ ಸ್ವಲ್ಪ ಬೇಕು, ಕೊಟ್ಟಿಗೆ ಗೊಬ್ಬರದಲ್ಲಿ ಅಷ್ಟು ಸಿಗುತ್ತದೆ. ಗಡ್ಡೆ ಕಟ್ಟತೊಡಗಿದ ಮೇಲೆ ಬೇಡ. ನೀರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗದ್ದೆ ಬಾಯಾರಿದರೆ, ಬಿಸಿಲು ವಿಪರೀತವಾದರೆ ಅದೇ ತಳಿ, ಅದೇ ಮಣ್ಣಿನಲ್ಲೂ ಖಾರ ಏರುತ್ತದೆ. ಮಾರ್ಚಿನಲ್ಲಿ ಹೊಂಡದ ನೀರು ಬತ್ತಿದ ವರ್ಷ ಯಾಕೋ ಈರುಳ್ಳಿ ಚುರುಕಾಗಿದೆ ಅಂತ ಹಿರಿಯರು ಹೇಳುತ್ತಿದ್ದರು. ಅವರಿಗೆ ಪೈರುವಿಕ್ ಆಮ್ಲ ಗೊತ್ತಿರಲಿಲ್ಲ, ನಾಲಗೆ ಗೊತ್ತಿತ್ತು.

ಈ ಗಂಧಕದ ಲೆಕ್ಕವನ್ನು ಶಿಸ್ತಾಗಿ ಮಾಡಿದವರು ಅಮೆರಿಕದ ಜಾರ್ಜಿಯಾ ರಾಜ್ಯದವರು. ಅಲ್ಲಿನ ವಿಡಾಲಿಯಾ ಎಂಬ ಸಣ್ಣ ಊರಿನ ಸುತ್ತ 1931ರಲ್ಲಿ ಮೋಸ್ ಕೋಲ್‌ಮನ್ ಎಂಬ ರೈತ ಈರುಳ್ಳಿ ಹಾಕಿದ. ಕಿತ್ತು ನೋಡಿದರೆ ಖಾರವೇ ಇಲ್ಲ. ಮಾರುವುದು ಕಷ್ಟವಾಯಿತಂತೆ, ಕೊಳ್ಳುವವರಿಗೆ ಅನುಮಾನ. ಆಮೇಲೆ 50 ಪೌಂಡಿನ ಚೀಲಕ್ಕೆ ಮೂರೂವರೆ ಡಾಲರ್ ಸಿಕ್ಕಿತು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಅದು ದೊಡ್ಡ ದುಡ್ಡು. ಸುತ್ತಲಿನವರೂ ಹಾಕಿದರು. ನಲವತ್ತರ ದಶಕದಲ್ಲಿ ಅಲ್ಲೇ ಹೆದ್ದಾರಿಗಳು ಕೂಡುವ ಕಡೆ ರೈತರ ಮಾರುಕಟ್ಟೆ ಬಂತು, ಹಾದುಹೋಗುವ ಪ್ರವಾಸಿಗರು ಕೊಂಡು ಕೊಂಡು ಹೆಸರು ಹಬ್ಬಿಸಿದರು. ಇಲ್ಲಿಯವರೆಗೆ ಕಥೆ ನಮ್ಮದೇ. ಉಸುಕು ಮಣ್ಣು, ಕಡಿಮೆ ಗಂಧಕ, ನವೆಂಬರ್–ಡಿಸೆಂಬರ್ ನಾಟಿ, ಏಪ್ರಿಲ್ ಕೊಯ್ಲು, ರಸ್ತೆ ಬದಿ ಮಾರಾಟ.

ಮುಂದಿನದು ನಮ್ಮಲ್ಲಿ ಆಗಲಿಲ್ಲ. ಹೆಸರು ಬಂದ ಕೂಡಲೇ ಅಲ್ಲೂ ಬೇರೆ ಕಡೆಯ ಈರುಳ್ಳಿಯನ್ನು ವಿಡಾಲಿಯಾ ಚೀಲಕ್ಕೆ ತುಂಬಿ ಮಾರುವ ಜಾಣರು ಹುಟ್ಟಿದರು. 1986ರಲ್ಲಿ ರಾಜ್ಯದ ಶಾಸನಸಭೆ ಕಾನೂನು ಮಾಡಿತು. ಇಪ್ಪತ್ತು ಕೌಂಟಿಗಳ ಗಡಿ ಗೆರೆ ಎಳೆದು, ಇದರೊಳಗೆ ಬೆಳೆದದ್ದು ಮಾತ್ರ ವಿಡಾಲಿಯಾ ಎಂದಿತು. ತಳಿಯೂ ಹಳದಿ ಗ್ರಾನೆಕ್ಸ್ ವಂಶದ್ದೇ ಆಗಿರಬೇಕು. 1989ರಲ್ಲಿ ಕೇಂದ್ರ ಸರ್ಕಾರದ ಮಾರುಕಟ್ಟೆ ಆದೇಶ ಬಂತು. ಬೆಳೆಗಾರರು ತಾವು ಮಾರಿದ ಮಾಲಿನ ಮೇಲೆ ತಾವೇ ವಂತಿಗೆ ಹಾಕಿಕೊಂಡು ಸಂಶೋಧನೆಗೂ ಪ್ರಚಾರಕ್ಕೂ ಖರ್ಚು ಮಾಡುತ್ತಾರೆ. ಗಂಧಕವನ್ನು ಎಳೆಯ ಬೆಳೆಗೆ ಮಾತ್ರ ಕೊಟ್ಟು, ಆಮೇಲೆ ನಿಲ್ಲಿಸಿ ಎಂಬುದು ವಿಶ್ವವಿದ್ಯಾಲಯದ ಲಿಖಿತ ಸಲಹೆ. ಇಷ್ಟಕ್ಕೂ ಮುಗಿಯದೆ, ಪ್ರತಿ ವರ್ಷ ರಾಜ್ಯದ ಕೃಷಿ ಆಯುಕ್ತರು ಒಂದು ತಾರೀಕು ಸಾರುತ್ತಾರೆ. ಅದಕ್ಕಿಂತ ಮೊದಲು ಒಂದು ಚೀಲವೂ ವಿಡಾಲಿಯಾ ಹೆಸರಲ್ಲಿ ಹೊರಗೆ ಹೋಗುವಂತಿಲ್ಲ. ಯಾಕೆಂದರೆ ಹಂಗಾಮಿನ ಮೊದಲ ಮಾಲಿಗೆ ಬೆಲೆ ಹೆಚ್ಚು, ಆ ಆಸೆಗೆ ಬಲಿಯದ ಗಡ್ಡೆ ಕಿತ್ತು ಕಳಿಸುವವರು ಎಲ್ಲ ಊರಲ್ಲೂ ಇರುತ್ತಾರೆ. ಆ ತಾರೀಕಿನ ವಿರುದ್ಧ ದೊಡ್ಡ ಬೆಳೆಗಾರರು ಕೋರ್ಟಿಗೂ ಹೋಗಿದ್ದರು. ತಾರೀಕು ಉಳಿದಿದೆ.

ನಮ್ಮಲ್ಲಿ ತಾರೀಕು ಸಾರುವವರು ಯಾರೂ ಇಲ್ಲ. ಮಾರ್ಚಿನಲ್ಲಿ ಎಲೆ ಇನ್ನೂ ಹಸಿರಾಗಿ ನಿಂತಿರುವಾಗಲೇ ಕಿತ್ತು ಹೆದ್ದಾರಿಗೆ ತರುವುದನ್ನು ನೋಡುತ್ತೇನೆ. ಈರುಳ್ಳಿ ಬಲಿತಿತೋ ಇಲ್ಲವೋ ಎಂದು ಹೇಳಲು ಯಂತ್ರ ಬೇಡ. ಎಲೆ ಕುತ್ತಿಗೆಯ ಹತ್ತಿರ ಬಾಗಿ ತಾನೇ ನೆಲಕ್ಕೆ ಬೀಳಬೇಕು. ಗದ್ದೆಯಲ್ಲಿ ಅರ್ಧದಷ್ಟು ಗಿಡ ಹೀಗೆ ಬಿದ್ದಾಗ ಕೀಳಬೇಕು. ಅದಕ್ಕೆ ಎರಡು ವಾರ ಮೊದಲೇ ನೀರು ನಿಲ್ಲಿಸಿರಬೇಕು. ಬಲಿಯದ್ದನ್ನು ಕಿತ್ತರೆ ಕುತ್ತಿಗೆ ದಪ್ಪ, ಒಳಗೆ ಹಸಿ. ಕೊಳೆ ಒಳನುಗ್ಗುವ ಬಾಗಿಲೇ ಅದು.

ಇಲ್ಲಿ ನನ್ನ ಅತ್ತಿಗೆಯ ಕೈಕೆಲಸದ ಬಗ್ಗೆ ಹೇಳಲೇಬೇಕು. ಕಿತ್ತ ಈರುಳ್ಳಿಯನ್ನು ಅವಳು ತೊಳೆಯಲು ಬಿಡುವುದಿಲ್ಲ, ಎಲೆ ಕೊಯ್ಯಲೂ ಬಿಡುವುದಿಲ್ಲ. ನೆರಳಲ್ಲಿ, ಒಂದರ ಎಲೆ ಇನ್ನೊಂದರ ಗಡ್ಡೆಯನ್ನು ಮುಚ್ಚುವ ಹಾಗೆ ಸಾಲು ಹರಡುತ್ತಾಳೆ. ಕೆಲವು ದಿನ ಬಿಟ್ಟು ಕುತ್ತಿಗೆಯನ್ನು ಬೆರಳಲ್ಲಿ ಹೊರಳಿಸಿ ನೋಡುತ್ತಾಳೆ. ‘ತಮ್ಮಾ, ಹಸಿ ಇದ್ರೆ ಕೊಳೀತದೆ, ಪೂರಾ ಒಣ್ಗಿದ್ರೆ ಮುರೀತದೆ, ನಡುಮಧ್ಯ ಇರ್ಬೇಕು’ ಅನ್ನುತ್ತಾಳೆ. ಆ ಹದ ಬಂದ ದಿನ ಬೆಳಿಗ್ಗೆ, ಇಬ್ಬನಿಯ ತೇವ ಎಲೆಯಲ್ಲಿ ಇರುವಾಗಲೇ ಕೂರುತ್ತಾಳೆ. ಮೂರು ದೊಡ್ಡ ಗಡ್ಡೆ ತೆಗೆದು ಎಲೆಗಳನ್ನು ಒಂದರ ಮೇಲೊಂದು ತರುತ್ತಾಳೆ, ಜೊತೆಗೆ ಒಂದು ಬಾಳೆನಾರು. ನಾಲ್ಕನೆಯದನ್ನು ಸೇರಿಸುವಾಗ ಅದರ ಎಲೆ ನಡುವಿನ ಎಳೆಗೆ ಸೇರುತ್ತದೆ, ಐದನೆಯದು ಎಡಕ್ಕೆ, ಆರನೆಯದು ಬಲಕ್ಕೆ. ದೊಡ್ಡವು ಕೆಳಗೆ, ಮೇಲೆ ಹೋದಂತೆ ಸಣ್ಣವು. ಕುತ್ತಿಗೆ ದಪ್ಪವಿದ್ದದ್ದು, ಗಾಯವಾದದ್ದು, ಎರಡಾಗಿ ಸೀಳಿದ್ದು ಜಡೆಗೆ ಸೇರುವುದಿಲ್ಲ. ಅವು ಅಂದೇ ಅಡುಗೆಮನೆಗೆ. ಅಂದರೆ ಜಡೆ ಹೆಣೆಯುವುದರಲ್ಲೇ ವಿಂಗಡಣೆಯೂ ಮುಗಿದಿರುತ್ತದೆ.

ಜಡೆಯನ್ನು ಒಲೆಯ ಮೇಲ್ಭಾಗದ ತೊಲೆಗೆ ತೂಗುತ್ತಾರೆ. ಕೆಳಗಿನಿಂದ ಬಿಸಿ, ಹೊಗೆ, ಸುತ್ತಲೂ ಗಾಳಿ. ಒಂದು ಗಡ್ಡೆ ಕೆಟ್ಟರೆ ಪಕ್ಕದ್ದಕ್ಕೆ ಅಂಟುವುದು ಕಡಿಮೆ, ಕೆಟ್ಟದ್ದು ಕಣ್ಣಿಗೂ ಬೇಗ ಬೀಳುತ್ತದೆ. ನೀರು ತುಂಬಿದ ಸಿಹಿ ಈರುಳ್ಳಿ ಬಾಳುವುದಿಲ್ಲ ಎಂಬುದು ಲೋಕದ ಅನುಭವ, ಖಾರವೇ ಗಡ್ಡೆಗೆ ಕಾವಲು. ಆದರೂ ನಮ್ಮ ಮನೆಗಳಲ್ಲಿ ಹದ ನೋಡಿ ಕಟ್ಟಿದ ಜಡೆ ಕರಾವಳಿಯ ಮಳೆಗಾಲವನ್ನು ದಾಟುತ್ತದೆ. ವಿಡಾಲಿಯಾದವರು ಇದಕ್ಕೆ ಸೇಬಿನ ಉದ್ಯಮದ ತಂತ್ರವನ್ನು ತಂದುಕೊಂಡರು. ಗಾಳಿ ಆಡದ ಕೋಣೆ, 1 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪು, ಆಮ್ಲಜನಕ ಶೇ 3ಕ್ಕೆ ಇಳಿಸಿ ಇಂಗಾಲದ ಡೈಆಕ್ಸೈಡ್ ಶೇ 5ಕ್ಕೆ ಏರಿಸಿದ ಹವೆ. ಹೀಗೆ ತಿಂಗಳುಗಟ್ಟಲೆ ಇಟ್ಟು ಮಾರುತ್ತಾರೆ. ಅದೇ ಅಮೆರಿಕದ ಗೃಹಿಣಿಯರು ಹೆಂಗಸರ ಹಳೆಯ ನೈಲಾನ್ ಕಾಲುಚೀಲಕ್ಕೆ ಒಂದೊಂದೇ ಈರುಳ್ಳಿ ಇಳಿಸಿ, ನಡುವೆ ಗಂಟು ಹಾಕಿ, ಗೋಡೆಗೆ ತೂಗುತ್ತಾರೆ. ಬೇಕಾದಾಗ ಕೆಳಗಿನ ಗಂಟಿನ ಕೆಳಗೆ ಕತ್ತರಿಸಿ ಒಂದನ್ನು ತೆಗೆಯುತ್ತಾರೆ. ಅತ್ತಿಗೆಗೆ ಇದನ್ನು ಹೇಳಿದೆ. ಅವಳು ತುಂಬ ಹೊತ್ತು ನಕ್ಕಳು.

ಗೊಂಚಲು ಕೊಂಡುಹೋದ ಪೇಟೆಯವರಿಗೆ ಒಲೆಯ ಹೊಗೆ ಎಲ್ಲಿಂದ ಬರಬೇಕು? ಹೊಗೆ ಇಲ್ಲದಿದ್ದರೂ ನಡೆಯುತ್ತದೆ. ಗಾಳಿಯಾಡುವ ಕಡೆ ಮೊಳೆಗೆ ತೂಗಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಆಲೂಗಡ್ಡೆಯ ಬುಟ್ಟಿಗೆ ಸೇರಿಸಬೇಡಿ, ಸಿಂಕಿನ ಕೆಳಗಂತೂ ಬೇಡ. ಹೊರಸಿಪ್ಪೆಯ ಕೆಳಗೆ ಕಾಡಿಗೆಯಂಥ ಕಪ್ಪು ಪುಡಿ ಕಂಡರೆ ಅದು ಬೂಷ್ಟು. ಆ ಗಡ್ಡೆಯನ್ನು ಜಡೆಯಿಂದ ಬಿಡಿಸಿ ತೆಗೆಯಿರಿ.

ಬೀಜದ ಬಗ್ಗೆ ಎರಡು ಮಾತು. ಆನ್‌ಲೈನಿನಲ್ಲಿ ವಿದೇಶಿ ಸಿಹಿ ಈರುಳ್ಳಿ ಬೀಜ ಎಂದು ಚೆಂದದ ಪೊಟ್ಟಣ ಮಾರುತ್ತಾರೆ. ನಮ್ಮ ಹುಡುಗರು ಆಸೆಯಿಂದ ತರಿಸುತ್ತಾರೆ. ಈರುಳ್ಳಿ ಗಡ್ಡೆ ಕಟ್ಟುವುದು ಹಗಲಿನ ಉದ್ದ ನೋಡಿ. ವಾಷಿಂಗ್ಟನ್ ರಾಜ್ಯದ ವಾಲಾ ವಾಲಾ ಎಂಬ ಹೆಸರಾಂತ ಸಿಹಿ ಈರುಳ್ಳಿ ಹದಿನಾಲ್ಕು ಗಂಟೆಗೂ ಮೀರಿದ ಹಗಲು ಬೇಡುವ ಜಾತಿ. ಅದರ ಬೇರು ಯುರೋಪಿನದು, ಕಾರ್ಸಿಕಾ ದ್ವೀಪದಿಂದ ಒಬ್ಬ ಸೈನಿಕ ಬೀಜ ತಂದನಂತೆ. ಕುಮಟಾದಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೂ ಹದಿಮೂರು ಗಂಟೆಯ ಆಸುಪಾಸು. ನಾವು ಬೆಳೆಯುವ ಚಳಿಗಾಲದಲ್ಲಂತೂ ಹನ್ನೊಂದು ಚಿಲ್ಲರೆ. ಎಷ್ಟು ಗೊಬ್ಬರ ಹಾಕಿದರೂ ಸೊಪ್ಪು ಬರುತ್ತದೆ, ಗಡ್ಡೆ ಬರುವುದಿಲ್ಲ. ಪೊಟ್ಟಣದ ಮೇಲೆ ಇದನ್ನು ಬರೆದಿರುವುದಿಲ್ಲ. ಇನ್ನು ಊರ ಬೀಜ. ಈರುಳ್ಳಿ ಹೂವಿಗೆ ಜೇನುಹುಳ ಬರುತ್ತದೆ, ಪಕ್ಕದ ಗದ್ದೆಯ ಕೆಂಪು ಈರುಳ್ಳಿಯ ಪರಾಗವೂ ಅದರ ಜೊತೆ ಬರುತ್ತದೆ. ಬೀಜಕ್ಕೆ ಬಿಟ್ಟ ಎರಡು ತಳಿಗಳ ನಡುವೆ ಸಾವಿರ ಮೀಟರು ಅಂತರ ಇಲ್ಲದಿದ್ದರೆ ಕೆಲವೇ ತಲೆಮಾರಿನಲ್ಲಿ ತಳಿ ಕಲಬೆರಕೆ. ಬೀಜವೋ ವರ್ಷ ಕಳೆದರೆ ಮೊಳಕೆ ಕುಂಠಿತವಾಗುವಂಥದ್ದು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅರ್ಕಾ ನಿಕೇತನ, ಅರ್ಕಾ ಕಲ್ಯಾಣ್‌ನಂಥ ಒಳ್ಳೆಯ ತಳಿಗಳನ್ನು ಕೊಟ್ಟಿದೆ. ನಿಕೇತನ ಗಟ್ಟಿ ತಾಳಿಕೆಯದು. ಆದರೆ ಅವುಗಳ ಕೆಲಸ ಬೇರೆ, ನಮ್ಮದರ ಕೆಲಸ ಬೇರೆ. ಇಳುವರಿ ನೋಡಿ ಅವನ್ನು ತಂದು ಜಡೆ ಕಟ್ಟಿ ಕುಮಟಾ ಈರುಳ್ಳಿ ಎಂದರೆ ಅದು ಗಿರಾಕಿಗೂ ಮೋಸ, ಆ ತಳಿಗೂ ಅನ್ಯಾಯ.

ಎಲ್ಲದಕ್ಕೂ ಜಿಐ (ಭೌಗೋಳಿಕ ಸೂಚಕ) ಪಟ್ಟವೇ ಮದ್ದು ಎನ್ನುವವರಿದ್ದಾರೆ. ಅಲಿಬಾಗದ ಬಿಳಿ ಈರುಳ್ಳಿ ನಮ್ಮದರ ಹಾಗೆಯೇ ಸಿಹಿ, ಹಾಗೆಯೇ ಜಡೆ, ಅದಕ್ಕೆ 2022ರಲ್ಲಿ ಪಟ್ಟ ಸಿಕ್ಕಿತು. ಪಟ್ಟ ಬೇಡ ಎನ್ನಲು ನಾನು ಯಾರು? ಆದರೆ ಚಿಕ್ಕಬಳ್ಳಾಪುರ, ಕೋಲಾರದ ಬೆಂಗಳೂರು ಗುಲಾಬಿ ಈರುಳ್ಳಿಗೆ 2015ರಿಂದಲೇ ಪಟ್ಟವಿದೆ. ಅದು ನಮ್ಮದಕ್ಕೆ ತದ್ವಿರುದ್ಧ, ಸಣ್ಣ ಗಡ್ಡೆ, ಗಾಢ ಬಣ್ಣ, ಜೋರು ಖಾರ. ಬೆಂಗಳೂರಿನ ಅಡುಗೆಮನೆಗಳು ಅದನ್ನು ಹೆಚ್ಚು ಕೊಳ್ಳುವುದಿಲ್ಲ, ಮಲೇಷ್ಯಾ, ಸಿಂಗಪುರ, ಇಂಡೊನೇಷ್ಯಾ ಕೊಳ್ಳುತ್ತವೆ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿಗೆ ಶೇ 40 ಸುಂಕ ಹಾಕಿದಾಗ ಈ ಈರುಳ್ಳಿಗೂ ಸೇರಿಸಿಯೇ ಹಾಕಿತು. ಇದು ಬೇರೆ ಮಾಲು, ಇದಕ್ಕೆ ವಿನಾಯಿತಿ ಕೊಡಿ ಎಂದು ಬೆಳೆಗಾರರು ಬಾಯಿ ಬಡಿದುಕೊಳ್ಳಬೇಕಾಯಿತು. ಪಟ್ಟ ಇದ್ದರೂ ಆಗ ದಿಲ್ಲಿಯ ಕಡತದಲ್ಲಿ ಅದು ಬರೀ ‘ಈರುಳ್ಳಿ’ ಆಗಿತ್ತು. ನಮ್ಮ ಮಣ್ಣು ಚೀಟಿಯಲ್ಲೂ ಅದೇ. ರೋಗ ಎರಡೂ ಕಡೆ ಒಂದೇ.

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯವೋ ಶಿರಸಿಯ ಕೃಷಿ ವಿಜ್ಞಾನ ಕೇಂದ್ರವೋ ನಮ್ಮ ಹಳ್ಳಿಗಳ ಈರುಳ್ಳಿಯ ಪೈರುವಿಕ್ ಆಮ್ಲವನ್ನು ಗದ್ದೆವಾರು ಅಳೆದು, ಗೊಬ್ಬರ ಯಾವುದು ಹಾಕಿದ್ದಿರಿ ಎಂದು ಕೇಳಿ ಬರೆದುಕೊಳ್ಳಲಿ. ಯಂತ್ರ ದುಬಾರಿಯದಲ್ಲ, ಬಣ್ಣ ನೋಡಿ ಅಳೆಯುವ ಸಾಮಾನ್ಯ ಉಪಕರಣ ಸಾಕು. ಕುಮಟಾ ಈರುಳ್ಳಿಗೆ ಪ್ರತ್ಯೇಕ ಗೊಬ್ಬರದ ಪಟ್ಟಿ ಬರಲಿ, ಅದರಲ್ಲಿ 20:20:0:13ರ ಚೀಲ ಬೇಡವೆಂದು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಲಿ. ಬದಲಿಗೆ ಯೂರಿಯಾ, ಡಿಎಪಿ, ಪೊಟ್ಯಾಷನ್ನು ಎಷ್ಟು, ಯಾವಾಗ ಎಂದೂ ಇರಲಿ. ಆ ಡಿಎಪಿ ಈರುಳ್ಳಿ ನಾಟಿಯ ಹೊತ್ತಿಗೆ ನಮ್ಮ ಸೊಸೈಟಿಗೆ ಬರಲಿ. ಬೆಳೆಗಾರರೇ ಕೂತು ಪ್ರತಿ ವರ್ಷ ಕೀಳುವ ತಾರೀಕು ಗೊತ್ತುಮಾಡಲಿ. ಇದಕ್ಕೆ ಸರ್ಕಾರವೇ ಬೇಕೆಂದಿಲ್ಲ, ದೇವಸ್ಥಾನದ ಕಟ್ಟೆಯ ಮೇಲಿನ ಒಂದು ಸಭೆ ಸಾಕು.

ಕೊಳ್ಳುವವರು ಬೆಲೆ ಕೇಳುವ ಮೊದಲು ಒಂದು ಈರುಳ್ಳಿ ಕೊಯ್ದು ಕೊಡಿ ಎನ್ನಲಿ. ಕೊಡಲು ಹಿಂಜರಿದರೆ ಮುಂದಿನ ಅಂಗಡಿಗೆ ಹೋಗಲಿ. ನಾಟಿ ನವೆಂಬರಿನಲ್ಲಿ ಶುರುವಾಗುತ್ತದೆ, ಗೊಬ್ಬರ ಕೊಳ್ಳುವುದು ಅದಕ್ಕೂ ಮೊದಲು. ತೋಟಗಾರಿಕೆ ಇಲಾಖೆ ಅಕ್ಟೋಬರ್ ಮುಗಿಯುವುದರೊಳಗೆ ಒಂದು ಪುಟದ ಆ ಪಟ್ಟಿಯನ್ನು ಅಚ್ಚು ಹಾಕಿಸಿ ತಾಲ್ಲೂಕಿನ ಎಲ್ಲ ಗೊಬ್ಬರದ ಅಂಗಡಿಗಳ ಗೋಡೆಗೆ ಅಂಟಿಸಲಿ.